ಬೀಟಲ್ಸ್‌ನ ಮೊದಲ ನಂಬರ್ ಒನ್ ಯಾವುದು? ಕ್ವಿಜ್‌ನಲ್ಲಿ ಜಗಳ ಆಗಿದೆ, ಯಾರಾದರೂ ಬಗೆಹರಿಸಿ

ಕ್ವಿಜ್‌ಕಿಟ್ಟಿ:

ಎಲ್ಲರಿಗೂ ನಮಸ್ಕಾರ. ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಗಣೇಶನ ಹಬ್ಬಕ್ಕೆ ಒಂದು ಕ್ವಿಜ್ ಇಟ್ಟಿದ್ದರು. ಕೊನೆಯ ಸುತ್ತು, ಎರಡು ತಂಡ ಸಮ ಸಮ. ಪ್ರಶ್ನೆ ಬಂತು: ಬ್ರಿಟನ್ನಿನಲ್ಲಿ ಬೀಟಲ್ಸ್‌ನ ಯಾವ ಹಾಡು ಮೊದಲು ನಂಬರ್ ಒನ್ ಆಯಿತು? ನಾನು ಬಝರ್ ಒತ್ತಿ 'ಪ್ಲೀಸ್ ಪ್ಲೀಸ್ ಮಿ' ಅಂದೆ. ತಪ್ಪು ಅಂದರು. ಎದುರಿನವರು 'ಫ್ರಮ್ ಮಿ ಟು ಯು' ಅಂದು ಪ್ರೆಶರ್ ಕುಕ್ಕರ್ ಗೆದ್ದುಕೊಂಡು ಹೋದರು.

ಕುಕ್ಕರ್ ಹೋಗಲಿ. ಆದರೆ ನಮ್ಮ ಚಿಕ್ಕಪ್ಪ ಹಳೆ ಕಾಲದ ಇಂಗ್ಲಿಷ್ ಹಾಡುಗಳ ಹುಚ್ಚರು. 'ಪ್ಲೀಸ್ ಪ್ಲೀಸ್ ಮಿ'ನೇ ಸರಿ ಅಂತ ಅವರು ಆಣೆ ಇಟ್ಟು ಹೇಳುತ್ತಾರೆ. ಮನೆಯಲ್ಲಿ 2000ದಲ್ಲಿ ಬಂದ '1' ಸಿಡಿ ಇದೆ. ನಂಬರ್ ಒನ್ ಹಾಡುಗಳನ್ನೆಲ್ಲ ಸೇರಿಸಿ ಮಾಡಿದ್ದು ಅದು. ಅದರಲ್ಲಿ ಮೊದಲನೇದು 'ಲವ್ ಮಿ ಡು', ಎರಡನೇದು 'ಫ್ರಮ್ ಮಿ ಟು ಯು'. 'ಪ್ಲೀಸ್ ಪ್ಲೀಸ್ ಮಿ' ಇಲ್ಲವೇ ಇಲ್ಲ! 'ಲವ್ ಮಿ ಡು' 1962ರಲ್ಲಿ ಬ್ರಿಟನ್ನಿನಲ್ಲಿ 17ಕ್ಕಿಂತ ಮೇಲೆ ಹೋಗಲಿಲ್ಲ ಅಂತ ಎಲ್ಲಾ ಕಡೆ ಬರೆದಿದ್ದಾರೆ. ಹಾಗಾದರೆ ಅದು ಹೇಗೆ ಒಳಗೆ ಬಂತು, ಇದು ಹೇಗೆ ಹೊರಗೆ ಉಳಿಯಿತು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ಅಂಕಿಅಂಶಪ್ಪ:

ಬಿಡಿಸೋಕೆ ಏನೂ ಇಲ್ಲ ಗುರು. ಅಧಿಕೃತ ಚಾರ್ಟ್‌ನಲ್ಲಿ, ಅಂದರೆ ವಾರವಾರ ಜಾಸ್ತಿ ಮಾರಾಟವಾದ ಹಾಡುಗಳ ಪಟ್ಟಿಯಲ್ಲಿ, 'ಪ್ಲೀಸ್ ಪ್ಲೀಸ್ ಮಿ' ಏರಿದ್ದು ನಂಬರ್ 2ಕ್ಕೆ. ಮೊದಲ ನಂಬರ್ ಒನ್ 'ಫ್ರಮ್ ಮಿ ಟು ಯು', ಮೇ 1963, ಏಳು ವಾರ. 'ಲವ್ ಮಿ ಡು' ಅಮೆರಿಕದಲ್ಲಿ 1964ರ ಮೇ ತಿಂಗಳಲ್ಲಿ ನಂಬರ್ ಒನ್ ಆಯಿತು, ಅದಕ್ಕೇ ಸಿಡಿಯಲ್ಲಿ ಇದೆ. ಕ್ವಿಜ್‌ಮಾಸ್ಟರ್ ಸರಿ, ಚಿಕ್ಕಪ್ಪ ತಪ್ಪು. ಮುಗೀತು.

ಹಳೇಪ್ಲೇಟು:

ಮುಗೀಲಿಲ್ಲ ಅಂಕಿಅಂಶಪ್ಪನವರೇ. ನೀವು 'ಅಧಿಕೃತ' ಅಂದಿರಲ್ಲ, ಗಲಾಟೆ ಇರೋದೇ ಆ ಮಾತಿನಲ್ಲಿ. 1963ರಲ್ಲಿ ಬ್ರಿಟನ್ನಿನಲ್ಲಿ ಅಧಿಕೃತ ಚಾರ್ಟ್ ಅಂತ ಒಂದು ಇರಲೇ ಇಲ್ಲ.

ಕಿಟ್ಟಿ, ಕೂತುಕೊಂಡು ಓದು ತಮ್ಮಾ, ಸ್ವಲ್ಪ ಉದ್ದ ಆಗುತ್ತದೆ. ನಾನು ಸಾಗರದವಳು, ಈಗ ಇರೋದು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ. ಇಲ್ಲಿ ಭಾನುವಾರ ಮೈದಾನಗಳಲ್ಲಿ ಕಾರಿನ ಡಿಕ್ಕಿ ತೆಗೆದು ಹಳೇ ಸಾಮಾನು ಮಾರುತ್ತಾರೆ. ನಮ್ಮವರು ಅಲ್ಲಿ ಸುತ್ತಿಗೆ, ಸ್ಪ್ಯಾನರ್ ಹುಡುಕುತ್ತಾರೆ. ನಾನು ರೆಕಾರ್ಡಿನ ಡಬ್ಬ ಕೆದಕುತ್ತೇನೆ. ಹಾಗಾಗಿ ಈ ವಿಷಯ ನನಗೆ ಸ್ವಲ್ಪ ಜಾಸ್ತಿನೇ ತಲೆಗೆ ಹತ್ತಿದೆ.

ಮೊದಲು ಚಾರ್ಟ್ ಹೇಗೆ ಶುರುವಾಯಿತು ನೋಡು. 1952ರ ನವೆಂಬರ್ 14. 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಅನ್ನೋ ವಾರಪತ್ರಿಕೆ, ಎಲ್ಲರೂ ಎನ್‌ಎಂಇ ಅನ್ನುತ್ತಾರೆ. ಅದರ ಪರ್ಸಿ ಡಿಕಿನ್ಸ್ ಅನ್ನುವವರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಜಾಸ್ತಿ ಹೋಯ್ತು ಅಂತ ಕೇಳಿ ಪಟ್ಟಿ ಮಾಡಿದರು. ಬ್ರಿಟನ್ನಿನ ಮೊದಲ ಚಾರ್ಟ್ ಅಂದರೆ ಅಷ್ಟೇ. ಒಂದು ಫೋನು, ಒಂದು ಪೆನ್ನು. ಟಾಪ್ 12 ಅಂತ ಹೆಸರು, ಒಳಗೆ ಹಾಡು ಮಾತ್ರ 15! ಒಂದೇ ಸ್ಥಾನಕ್ಕೆ ಇಬ್ಬಿಬ್ಬರು ಬಂದಿದ್ದರು. ಮೊದಲ ನಂಬರ್ ಒನ್ ಆಲ್ ಮಾರ್ಟಿನೋ ಹಾಡಿದ 'ಹಿಯರ್ ಇನ್ ಮೈ ಹಾರ್ಟ್', ಒಂಬತ್ತು ವಾರ ಅಲ್ಲಾಡಲಿಲ್ಲ.

ಇದು ಓದುಗರಿಗೆ ಹಿಡಿಸಿತು. ಉಳಿದ ಪತ್ರಿಕೆಗಳು ಸುಮ್ನೆ ಕೂರುತ್ತವಾ? 1955ರಲ್ಲಿ 'ರೆಕಾರ್ಡ್ ಮಿರರ್' ತನ್ನದೇ ಚಾರ್ಟ್ ಶುರು ಮಾಡಿತು. 1956ರಲ್ಲಿ 'ಮೆಲೊಡಿ ಮೇಕರ್', 1958ರಲ್ಲಿ 'ಡಿಸ್ಕ್'. ಕೊನೆಗೆ 1960ರ ಮಾರ್ಚ್‌ನಲ್ಲಿ 'ರೆಕಾರ್ಡ್ ರೀಟೇಲರ್'. ಇದು ಹುಡುಗ ಹುಡುಗಿಯರು ಓದುವ ಪತ್ರಿಕೆಯೇ ಅಲ್ಲ, ಅಂಗಡಿಯವರಿಗೆ ಅಂತ ಇದ್ದ ವ್ಯಾಪಾರದ ಪತ್ರಿಕೆ. ಶುರುವಿನಲ್ಲಿ ಅವರು ಕೇಳುತ್ತಿದ್ದದ್ದು ಸುಮಾರು 30 ಅಂಗಡಿಗಳನ್ನು. ಎನ್‌ಎಂಇ, ಮೆಲೊಡಿ ಮೇಕರ್ ಎರಡೂ ಅದಕ್ಕಿಂತ ಎಷ್ಟೋ ಜಾಸ್ತಿ ಅಂಗಡಿ ಕೇಳುತ್ತಿದ್ದವು.

ಇನ್ನೊಂದು ವಿಷಯ. ಯಾರೂ ಎಷ್ಟು ಪ್ರತಿ ಮಾರಾಟವಾಯಿತು ಅಂತ ಕೂಡಿಸುತ್ತಿರಲಿಲ್ಲ. ಅಂಗಡಿಯವನು ತನ್ನ ಪಟ್ಟಿ ಕೊಡುತ್ತಿದ್ದ, ಸ್ಥಾನಕ್ಕೆ ಇಷ್ಟು ಅಂತ ಅಂಕ. ಕ್ಲಾಸಿಗೆ ಫಸ್ಟ್ ಬಂದವನು 95 ತೆಗೆದನೋ 55 ತೆಗೆದನೋ ರ‍್ಯಾಂಕ್ ಪಟ್ಟಿ ಹೇಳುವುದಿಲ್ಲ, ಅಲ್ವಾ? ಹಾಗೆ. ಲಿವರ್‌ಪೂಲಿನ ದೊಡ್ಡ ಅಂಗಡಿಯ ಒಂದನೇ ಸ್ಥಾನಕ್ಕೂ ಹಳ್ಳಿ ಮೂಲೆಯ ಅಂಗಡಿಯ ಒಂದನೇ ಸ್ಥಾನಕ್ಕೂ ಒಂದೇ ಬೆಲೆ. ಪದೇ ಪದೇ ಸಮ ಬರುತ್ತಿದ್ದದ್ದೂ ಇದಕ್ಕೇ.

ಈಗ ನಿನ್ನ ಹಾಡಿಗೆ ಬರೋಣ. 1963ರ ಜನವರಿ 11ಕ್ಕೆ 'ಪ್ಲೀಸ್ ಪ್ಲೀಸ್ ಮಿ' ಅಂಗಡಿಗೆ ಬಂತು. ಫೆಬ್ರವರಿ 22ರ ಎನ್‌ಎಂಇಯಲ್ಲಿ ಅದು ನಂಬರ್ ಒನ್. ಆದರೆ ಒಂಟಿಯಾಗಿ ಅಲ್ಲ, ಫ್ರ್ಯಾಂಕ್ ಐಫೀಲ್ಡ್ ಹಾಡಿದ 'ದ ವೇವರ್ಡ್ ವಿಂಡ್' ಜೊತೆ ಸಮ. ಮಾರ್ಚ್ 2ಕ್ಕೆ ಮೆಲೊಡಿ ಮೇಕರ್‌ನಲ್ಲೂ ನಂಬರ್ ಒನ್. ಡಿಸ್ಕ್‌ನಲ್ಲೂ ನಂಬರ್ ಒನ್. ರೆಕಾರ್ಡ್ ರೀಟೇಲರ್‌ನಲ್ಲಿ ಮಾತ್ರ 2. ಅಲ್ಲಿ ಫ್ರ್ಯಾಂಕಣ್ಣ ಜಾಗ ಬಿಡಲಿಲ್ಲ.

ಅಂದರೆ ಆ ವಾರಗಳಲ್ಲಿ ಲಿವರ್‌ಪೂಲಿನಲ್ಲೋ ಲಂಡನ್ನಿನಲ್ಲೋ ಯಾರನ್ನಾದರೂ ನಿಲ್ಲಿಸಿ ಕೇಳಿದ್ದರೆ, ಬೀಟಲ್ಸ್ ನಂಬರ್ ಒನ್ ಅಂತಲೇ ಹೇಳುತ್ತಿದ್ದರು. ಬೀಟಲ್ಸ್‌ನವರೂ ಹಾಗೇ ತಿಳಿದಿದ್ದರು. 1962ರ ನವೆಂಬರ್ 26ಕ್ಕೆ ರೆಕಾರ್ಡಿಂಗ್ ಮುಗಿದಾಗ ಅವರ ರೆಕಾರ್ಡ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕಂಟ್ರೋಲ್ ರೂಮಿನಿಂದಲೇ, ನಿಮ್ಮ ಮೊದಲ ನಂಬರ್ ಒನ್ ಇದು ಅಂತ ಹುಡುಗರಿಗೆ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅವರ ಮಾತು ಸುಳ್ಳಾಗಲಿಲ್ಲ, ಕನಿಷ್ಠ 14 ವರ್ಷ.

14 ಯಾಕೆ ಅಂದರೆ, 1977ರಲ್ಲಿ ಗಿನ್ನೆಸ್‌ನವರು ಬ್ರಿಟಿಷ್ ಹಿಟ್ ಸಿಂಗಲ್ಸ್ ಪುಸ್ತಕ ತಂದರು. ಟಿಮ್ ರೈಸ್, ಜೊ ರೈಸ್, ಪಾಲ್ ಗ್ಯಾಂಬಚಿನಿ, ಮೈಕ್ ರೀಡ್ ಮಾಡಿದ್ದು. 1952ರಿಂದ ಎಲ್ಲಾ ಹಿಟ್‌ಗಳನ್ನು ಒಂದೇ ಕಡೆ ಸೇರಿಸಬೇಕು ಅಂದರೆ ಯಾವುದಾದರೂ ಒಂದು ಪಟ್ಟಿ ಹಿಡಿಯಬೇಕಲ್ಲ. 1960ರ ಮಾರ್ಚ್‌ವರೆಗೆ ಎನ್‌ಎಂಇ ಹಿಡಿದರು. ಅಲ್ಲಿಂದ ಮುಂದೆ ರೆಕಾರ್ಡ್ ರೀಟೇಲರ್. ಯಾಕೆ? ಎನ್‌ಎಂಇ 30 ಹಾಡು ಕೊಡುತ್ತಿತ್ತು, ಇವರು 50 ಕೊಡುತ್ತಿದ್ದರು. ಪುಸ್ತಕ ದಪ್ಪ ಆಗುತ್ತದೆ. ಪುಸ್ತಕ ಜೋರಾಗಿ ಮಾರಾಟವಾಯಿತು, ಮರುಮುದ್ರಣದ ಮೇಲೆ ಮರುಮುದ್ರಣ. ಮುಂದೆ ಎಲ್ಲರೂ ಅದನ್ನೇ ನೋಡಿ ಬರೆದರು. ಕ್ವಿಜ್‌ಮಾಸ್ಟರ್‌ಗಳಂತೂ ಕೇಳೋದೇ ಬೇಡ. '1' ಸಿಡಿ ಮಾಡಿದವರೂ ಅದೇ ಲೆಕ್ಕ ಹಿಡಿದರು.

ಹಾಗಾಗಿ ನಿನ್ನ ಚಿಕ್ಕಪ್ಪ ಹೇಳೋದು 1963ರ ಸತ್ಯ. ಕ್ವಿಜ್‌ಮಾಸ್ಟರ್ ಹೇಳಿದ್ದು 1977ರ ಪುಸ್ತಕದ ಸತ್ಯ. ನನ್ನ ಅಭಿಪ್ರಾಯ ಕೇಳಿದರೆ ಪ್ರಶ್ನೆಯೇ ಅರ್ಧಂಬರ್ಧ. ಯಾವ ಚಾರ್ಟ್ ಅಂತ ಹೇಳದೆ ಕೇಳಬಾರದು. ಕುಕ್ಕರ್‌ನ ಮುಚ್ಚಳನಾದರೂ ನಿನಗೆ ಬರಬೇಕಿತ್ತು.

ಅಂಕಿಅಂಶಪ್ಪ:

ಒಪ್ಪಿಕೊಳ್ಳೋಕೆ ಕಷ್ಟ ಅಕ್ಕಾ. ಐದು ಪತ್ರಿಕೆ ಐದು ಥರ ಹೇಳಿದರೆ, ಇತಿಹಾಸಕ್ಕೆ ಒಂದು ಬೇಕಲ್ಲ? ಬಿಬಿಸಿ ಏನು ಮಾಡುತ್ತಿತ್ತು ಹಾಗಾದರೆ? ರೇಡಿಯೋದಲ್ಲಿ ಟಾಪ್ 20 ಹಾಕುತ್ತಿದ್ದರಲ್ಲ.

ಹಳೇಪ್ಲೇಟು:

ಒಳ್ಳೆ ಪ್ರಶ್ನೆ. ಬಿಬಿಸಿ ಇಕ್ಕಟ್ಟಿನಲ್ಲಿತ್ತು. ಒಂದು ಪತ್ರಿಕೆ ಹಿಡಿದರೆ ಇನ್ನೊಂದಕ್ಕೆ ಸಿಟ್ಟು. ಅದಕ್ಕೆ ಎಲ್ಲಾ ಪತ್ರಿಕೆಗಳ ಚಾರ್ಟ್ ತೆಗೆದುಕೊಂಡು, ಅಂಕ ಕೂಡಿಸಿ, ಸರಾಸರಿ ಮಾಡಿ ತನ್ನದೇ ಒಂದು ಚಾರ್ಟ್ ಮಾಡುತ್ತಿತ್ತು. ಅಂಕದ ಮೇಲೆ ಅಂಕ! ಇದರ ಫಜೀತಿ 1968ರ ಆಗಸ್ಟ್ ಕೊನೆಯಲ್ಲಿ ಬಯಲಾಯಿತು. ಒಂದೇ ವಾರ ಮೂರು ಹಾಡು ನಂಬರ್ ಒನ್ ಸ್ಥಾನಕ್ಕೆ ಸಮ ಬಂದವು. ಬೀ ಜೀಸ್‌ನ 'ಐವ್ ಗಾಟ ಗೆಟ್ ಎ ಮೆಸೇಜ್ ಟು ಯು', ಬೀಚ್ ಬಾಯ್ಸ್‌ನ 'ಡು ಇಟ್ ಅಗೇನ್', ಹರ್ಬ್ ಆಲ್ಪರ್ಟ್‌ನ 'ದಿಸ್ ಗಾಯ್ಸ್ ಇನ್ ಲವ್ ವಿತ್ ಯು'. ಮೂವರು ಒಂದೇ ಕುರ್ಚಿಯಲ್ಲಿ. ಕಾರ್ಯಕ್ರಮ ನಡೆಸುವವನು ಕೊನೆಗೆ ಯಾವ ಹಾಡು ಹಾಕಬೇಕು ಹೇಳಿ?

ಆಮೇಲೆ ಬುದ್ಧಿ ಬಂತು. ಬಿಬಿಸಿ ಮತ್ತು ರೆಕಾರ್ಡ್ ರೀಟೇಲರ್ ಸೇರಿ ಬಿಎಂಆರ್‌ಬಿ ಅನ್ನುವ ಮಾರುಕಟ್ಟೆ ಸಂಶೋಧನೆ ಕಂಪನಿಗೆ ಕೆಲಸ ಒಪ್ಪಿಸಿದವು. 1969ರ ಫೆಬ್ರವರಿಯಿಂದ ನೂರಾರು ಅಂಗಡಿಗಳ ಮಾರಾಟದ ದಿನಚರಿ ಪುಸ್ತಕ ಅಂಚೆಯಲ್ಲಿ ತರಿಸಿ ಲೆಕ್ಕ ಹಾಕಿದರು. ನೀವು ಹೇಳುವ 'ಅಧಿಕೃತ' ಅನ್ನೋದು ನಿಜವಾಗಿ ಶುರುವಾದದ್ದು ಅಲ್ಲಿಂದ. ಅಷ್ಟು ಹೊತ್ತಿಗೆ ಬೀಟಲ್ಸ್ ಒಡೆಯುವ ಹಂತಕ್ಕೆ ಬಂದಿತ್ತು.

ಇತಿಹಾಸಕ್ಕೆ ಒಂದು ಬೇಕು, ನಿಜ. ಆದರೆ ಆ ಒಂದನ್ನು ಅತಿ ಕಡಿಮೆ ಅಂಗಡಿ ಕೇಳಿದವರಿಂದ ಯಾಕೆ ತೆಗೆದುಕೊಳ್ಳಬೇಕು ಅನ್ನೋದು ನನ್ನ ತಕರಾರು. ಬೀಟಲ್ಸ್ ಒಬ್ಬರದೇ ಗೋಳಲ್ಲ ಇದು. ರೋಲಿಂಗ್ ಸ್ಟೋನ್ಸ್‌ನ '19ತ್ ನರ್ವಸ್ ಬ್ರೇಕ್‌ಡೌನ್' 1966ರಲ್ಲಿ ಎನ್‌ಎಂಇ ಓದುವವರಿಗೆ ನಂಬರ್ ಒನ್, ಪುಸ್ತಕದಲ್ಲಿ ನಂಬರ್ 2.

ಕ್ವಿಜ್‌ಕಿಟ್ಟಿ:

ಅಕ್ಕಾ, ಚಿಕ್ಕಪ್ಪನಿಗೆ ಓದಿ ಹೇಳಿದೆ. ಮೀಸೆ ತಿರುವುತ್ತಿದ್ದಾರೆ. ಅವರದ್ದೇ ಒಂದು ಪ್ರಶ್ನೆ: ಈ ಫ್ರ್ಯಾಂಕ್ ಐಫೀಲ್ಡ್ ಯಾರು? ಬೀಟಲ್ಸ್‌ಗೆ ಅಡ್ಡ ನಿಂತವನ ಹೆಸರು ನಾನಂತೂ ಕೇಳೇ ಇಲ್ಲ.

ಹಳೇಪ್ಲೇಟು:

ಈಗ ಯಾರೂ ಕೇಳಿರಲ್ಲ, ಪಾಪ. ಆಗ ಅವನೇ ದೊಡ್ಡ ಹೆಸರು. ಕವೆಂಟ್ರಿಯಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ಬೆಳೆದವನು. ಹಾಡಿನ ಮಧ್ಯೆ ಗಂಟಲನ್ನು ಪಟಪಟ ಒಡೆದು ಯೋಡಲಿಂಗ್ ಮಾಡುತ್ತಿದ್ದ, ನಮ್ಮ ಕಿಶೋರ್ ಕುಮಾರ್ ಮಾಡುತ್ತಿದ್ದರಲ್ಲ ಅದೇ. 'ಐ ರಿಮೆಂಬರ್ ಯು', 'ಲವ್‌ಸಿಕ್ ಬ್ಲೂಸ್', 'ದ ವೇವರ್ಡ್ ವಿಂಡ್', ಬೆನ್ನುಬೆನ್ನಿಗೆ ಮೂರು ನಂಬರ್ ಒನ್.

ನಮ್ಮ ಊರಿಗೂ ಇದಕ್ಕೂ ಸಂಬಂಧ ಇದೆ. 1962ರ ಡಿಸೆಂಬರ್ 2ಕ್ಕೆ ಪೀಟರ್‌ಬರೋದ ಬ್ರಾಡ್‌ವೇಯಲ್ಲಿದ್ದ ಎಂಬಸಿ ಸಿನಿಮಾ ಹಾಲಿನಲ್ಲಿ ಐಫೀಲ್ಡ್ ಕಾರ್ಯಕ್ರಮ. ಬೀಟಲ್ಸ್‌ನ ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ ಹೇಗೋ ಮಾಡಿ ತನ್ನ ಹುಡುಗರನ್ನೂ ಅದರಲ್ಲಿ ಸೇರಿಸಿದ್ದ. ಜನ ಬಂದದ್ದು ಫ್ರ್ಯಾಂಕ್‌ಗೆ. ಬೀಟಲ್ಸ್ ಆಟ ಏನೂ ನಡೆಯಲಿಲ್ಲ. ಸ್ಥಳೀಯ ಪತ್ರಿಕೆಯ ವಿಮರ್ಶಕ ರಿಂಗೋನ ಡ್ರಮ್ ಮೇಲೂ ತಕರಾರು ತೆಗೆದ. ಹೆಚ್ಚುಕಮ್ಮಿ ಹನ್ನೆರಡು ವಾರಕ್ಕೆ ಇಬ್ಬರೂ ಎನ್‌ಎಂಇಯ ಒಂದೇ ಮೆಟ್ಟಿಲ ಮೇಲೆ!

ಆ ದಿನಗಳಲ್ಲಿ ನಡೆದದ್ದು ನನಗೆ ಬಹಳ ಇಷ್ಟದ ಕಥೆ. 'ಲವ್ ಮಿ ಡು'ವಿಗೆ ಪ್ರಚಾರ ಸಾಕಾಗಲಿಲ್ಲ ಅಂತ ಎಪ್‌ಸ್ಟೀನ್‌ಗೆ ಸಿಟ್ಟಿತ್ತು. (ಅವನೇ ಹತ್ತು ಸಾವಿರ ಪ್ರತಿ ಕೊಂಡು 17ಕ್ಕೆ ಏರಿಸಿದ ಅಂತ ಗಾಳಿಸುದ್ದಿ. ಅವನು ಇಲ್ಲ ಅಂತಲೇ ಹೇಳುತ್ತಿದ್ದ.) ಹೊಸ ಹಾಡು 'ಪ್ಲೀಸ್ ಪ್ಲೀಸ್ ಮಿ' ಹಿಡಿದುಕೊಂಡು ಡಿಕ್ ಜೇಮ್ಸ್ ಅನ್ನುವ ಹಾಡುಗಳ ಪ್ರಕಾಶಕನ ಆಫೀಸಿಗೆ ಹೋದ. ಈ ಡಿಕ್ ಜೇಮ್ಸ್ ಕೂಡ ಹಳೇ ಹಾಡುಗಾರನೇ, ರಾಬಿನ್ ಹುಡ್ ಟಿವಿ ಧಾರಾವಾಹಿಯ ಹಾಡು ಅವನದ್ದೇ ದನಿ. ಎಪ್‌ಸ್ಟೀನ್ ಎದುರಿಗೆ ಕೂತಿದ್ದ ಹಾಗೇ ಅವನು 'ಥ್ಯಾಂಕ್ ಯುವರ್ ಲಕಿ ಸ್ಟಾರ್ಸ್' ಟಿವಿ ಕಾರ್ಯಕ್ರಮದ ನಿರ್ಮಾಪಕನಿಗೆ ಫೋನ್ ಹಚ್ಚಿದ. ರಿಸೀವರ್ ಮುಂದೆ ಹಾಡು ಹಾಕಿದ. ಆ ಕಡೆಯಿಂದ ಹೂಂ ಅಂದರು. ಪ್ರಕಾಶನದ ಹಕ್ಕು ಡಿಕ್ ಜೇಮ್ಸ್‌ಗೆ ಬಂತು. ಎಷ್ಟು ದುಡ್ಡಾಯಿತು ಅಂತ ನೀವೇ ಊಹಿಸಿ.

ಕಾರ್ಯಕ್ರಮ ಪ್ರಸಾರವಾದದ್ದು ಜನವರಿ 19ರ ಶನಿವಾರ. ಆ ಚಳಿಗಾಲ ಇಂಗ್ಲೆಂಡಿನ ಮುದುಕರು ಇವತ್ತಿಗೂ ಮಾತಾಡುವಂಥದ್ದು. ತಿಂಗಳುಗಟ್ಟಲೆ ಹಿಮ, ರಸ್ತೆ ಬಂದ್, ಫುಟ್‌ಬಾಲ್ ಬಂದ್. ಜನ ಮನೆಯೊಳಗೆ ಟಿವಿ ಮುಂದೆ. ಆಗಲೇ ಆ ಹಾರ್ಮೋನಿಕಾ ಶುರುವಾಯಿತು.

ನನ್ನ ಹತ್ತಿರ ಆ ಸಿಂಗಲ್ ಇದೆ, ಬದಿಗೊಂದು ಹಾಡಿನ ಪುಟ್ಟ ರೆಕಾರ್ಡು. ಮೊದಲು ಅಚ್ಚಾದ ಕೆಂಪು ಲೇಬಲ್‌ನದ್ದು, ಆಮೇಲೆ ರೆಕಾರ್ಡ್ ಕಂಪನಿ ಪಾರ್ಲೊಫೋನ್‌ನವರು ಲೇಬಲ್ ಕಪ್ಪು ಮಾಡಿಬಿಟ್ಟರು. ಕೆಂಪಿನ ಮೇಲೆ ಬೆಳ್ಳಿ ಅಕ್ಷರ, ಪೌಂಡ್ ಚಿಹ್ನೆಯಂಥ ಕಂಪನಿ ಗುರುತು, ನಂಬರ್ 45-ಆರ್ 4983. ಹಿಂದಿನ ಒಡತಿ ಬಿ ಸೈಡ್‌ನ 'ಆಸ್ಕ್ ಮಿ ವೈ' ಪಕ್ಕ ಬಾಲ್‌ಪೆನ್ನಿನಲ್ಲಿ ತನ್ನ ಹೆಸರಿನ ಮೊದಲಕ್ಷರ ಬರೆದಿದ್ದಾಳೆ. ಎ ಸೈಡ್ ಸವೆದು ಬೂದುಬಣ್ಣಕ್ಕೆ ತಿರುಗಿದೆ, ಬಿ ಸೈಡ್ ಮಾತ್ರ ಇನ್ನೂ ಫಳಫಳ. ಎರಡು ನಿಮಿಷದ ಹಾಡು, ಎಷ್ಟು ಸಲ ಸೂಜಿ ಹಿಂದಕ್ಕೆ ಇಟ್ಟಿರಬೇಕು ಪುಣ್ಯಾತ್ಗಿತ್ತಿ. ಅವಳಿಗೆ ಹೋಗಿ ಇದು ನಂಬರ್ 2 ಅಂತ ಹೇಳಿ ನೋಡೋಣ.

ಇನ್ನೊಂದು ತಮಾಷೆ ಇದೆ. ಜಾರ್ಜ್ ಮಾರ್ಟಿನ್ ಬೀಟಲ್ಸ್‌ನ ಮೊದಲ ಸಿಂಗಲ್‌ಗೆ ಅಂತ ಹಿಡಿದಿದ್ದದ್ದು 'ಹೌ ಡು ಯು ಡು ಇಟ್', ಮಿಚ್ ಮರ್ರಿ ಬರೆದದ್ದು. 1962ರ ಸೆಪ್ಟೆಂಬರ್ 4ಕ್ಕೆ ಹುಡುಗರು ರೆಕಾರ್ಡೂ ಮಾಡಿದರು. ಆದರೆ ಮನಸ್ಸಿಲ್ಲ, ನಮ್ಮ ಹಾಡೇ ಬೇಕು ಅಂದರು. ಮಾರ್ಟಿನ್ ಅದನ್ನು ಎಪ್‌ಸ್ಟೀನ್‌ನದ್ದೇ ಇನ್ನೊಂದು ಬ್ಯಾಂಡ್ ಜೆರ್ರಿ ಆ್ಯಂಡ್ ದ ಪೇಸ್‌ಮೇಕರ್ಸ್‌ಗೆ ಕೊಟ್ಟರು. 1963ರ ಏಪ್ರಿಲ್‌ನಲ್ಲಿ ಅದು ಎಲ್ಲಾ ವಾದ ಮೀರಿ ನಂಬರ್ ಒನ್. ಪುಸ್ತಕದ ಲೆಕ್ಕದಲ್ಲಿ ಆ ಅಲೆಯ ಲಿವರ್‌ಪೂಲ್ ಬ್ಯಾಂಡುಗಳಲ್ಲಿ ಮೊದಲು ತುದಿ ಮುಟ್ಟಿದ್ದು ಬೀಟಲ್ಸ್ ಅಲ್ಲ, ಬೀಟಲ್ಸ್ ಬೇಡ ಅಂದ ಹಾಡು ಹಾಡಿದವರು! ಜೆರ್ರಿಯ ಮೊದಲ ಮೂರು ಸಿಂಗಲ್ ಮೂರೂ ನಂಬರ್ ಒನ್. ಆ ದಾಖಲೆಯನ್ನು ಇನ್ನೊಬ್ಬರು ಸರಿಗಟ್ಟೋಕೆ 1984 ಬರಬೇಕಾಯಿತು.

ಮದ್ರಾಸ್‌ಮೈಲು:

ಬೀಟಲ್ಸ್‌ನ ನಂಬರ್ ಒನ್ ಸರಣಿ ಮುರಿದದ್ದು ನಮ್ಮ ಮದ್ರಾಸಿನಲ್ಲಿ ಹುಟ್ಟಿದವನು ಅನ್ನೋದನ್ನು ಯಾರೂ ಹೇಳಲಿಲ್ಲವಲ್ಲ! 'ಫ್ರಮ್ ಮಿ ಟು ಯು'ನಿಂದ 'ಯೆಲ್ಲೋ ಸಬ್‌ಮರೀನ್'ವರೆಗೆ ಸತತ 11. ಹನ್ನೆರಡನೇದು 1967ರ 'ಪೆನ್ನಿ ಲೇನ್', ಹಿಂಬದಿಗೆ 'ಸ್ಟ್ರಾಬೆರಿ ಫೀಲ್ಡ್ಸ್'. ಅದಕ್ಕೆ ಅಡ್ಡ ಬಂದದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್‌ನ 'ರಿಲೀಸ್ ಮಿ'. ನಿಜವಾದ ಹೆಸರು ಆರ್ನಾಲ್ಡ್ ಜಾರ್ಜ್ ಡಾರ್ಸಿ, 1936ರಲ್ಲಿ ಮದ್ರಾಸಿನಲ್ಲಿ ಜನನ. ಆ ಬಾಯಿ ತಿರುಗದ ಹೆಸರು ಇಟ್ಟ ಮ್ಯಾನೇಜರ್ ಗಾರ್ಡನ್ ಮಿಲ್ಸ್, ಅವನೂ ಮದ್ರಾಸ್. ರಿಂಗೋಗಿಂತ ಮುಂಚಿನ ಡ್ರಮ್ಮರ್ ಪೀಟ್ ಬೆಸ್ಟ್, 1941, ಅವನೂ ಮದ್ರಾಸ್. ಇನ್ನು 1963ರ ಮಾರ್ಚ್‌ನಲ್ಲಿ ಐಫೀಲ್ಡ್‌ನನ್ನು ಇಳಿಸಿ ಮೇಲೆ ಕೂತದ್ದು 'ಸಮ್ಮರ್ ಹಾಲಿಡೇ' ಹಾಡಿದ ಕ್ಲಿಫ್ ರಿಚರ್ಡ್. ಲಖನೌದಲ್ಲಿ ಹುಟ್ಟಿದ ಹ್ಯಾರಿ ವೆಬ್.

ಕಾವೇರಿತೀರ:

ಮದ್ರಾಸಿನವರು ಇಷ್ಟು ಮೆರೆದ ಮೇಲೆ ನಾವು ಕೊಡವರು ಸುಮ್ನಿರೋದು ಹೇಗೆ? ಬಿದ್ದು ಅಪ್ಪಯ್ಯ. ಕೊಡಗಿನ ಮನೆತನ, ಹುಟ್ಟಿದ್ದು 1945ರಲ್ಲಿ ಬೆಂಗಳೂರಿನಲ್ಲಿ. ಇಲ್ಲೇ ಟ್ರೋಜನ್ಸ್ ಅನ್ನುವ ಬ್ಯಾಂಡಿನಲ್ಲಿ ಬೀಟಲ್ಸ್, ಸ್ಟೋನ್ಸ್ ಹಾಡುತ್ತಿದ್ದವರು ಲಂಡನ್ನಿಗೆ ಹೋದರು. 1974ರಲ್ಲಿ ಕಾರ್ಲ್ ಡಗ್ಲಸ್ ಕೈಲಿ ಬಿ ಸೈಡ್‌ಗೆ ಅಂತ ಗಡಿಬಿಡಿಯಲ್ಲಿ ಒಂದು ಹಾಡು ಹಾಡಿಸಿದರು, 'ಕುಂಗ್ ಫು ಫೈಟಿಂಗ್'. ಬ್ರಿಟನ್ನಿನಲ್ಲೂ ನಂಬರ್ ಒನ್, ಅಮೆರಿಕದಲ್ಲೂ ನಂಬರ್ ಒನ್. ಅಲ್ಲಿ ಯಾವ ಪತ್ರಿಕೆ, ಎಷ್ಟು ಅಂಗಡಿ ಅನ್ನೋ ಜಗಳನೇ ಇಲ್ಲ.

ಹಳೇಪ್ಲೇಟು:

ಬಿದ್ದು ವಿಷಯದಲ್ಲಿ ನಾನೂ ಚಪ್ಪಾಳೆ. ಮದ್ರಾಸ್‌ಮೈಲು ಅವರೇ, ಎಂಗಲ್‌ಬರ್ಟ್ ಕಥೆ ಪುಸ್ತಕದ ಲೆಕ್ಕಕ್ಕೆ ಸರಿ. ಆದರೆ ಮೆಲೊಡಿ ಮೇಕರ್‌ನಲ್ಲಿ 'ಪೆನ್ನಿ ಲೇನ್' ಮೂರು ವಾರ ನಂಬರ್ ಒನ್ ಆಗಿತ್ತು! ಅಲ್ಲೂ ಅದೇ ರಾಗ.

ಅಂಕಿಅಂಶಪ್ಪ:

ಸರಿ ಅಕ್ಕಾ, ಬ್ರಿಟನ್ ಬಿಟ್ಟೆ. ಅಮೆರಿಕದಲ್ಲಿ ಹೀಗಿಲ್ಲವಲ್ಲ? ಬಿಲ್‌ಬೋರ್ಡ್ ಪತ್ರಿಕೆ ಒಂದೇ.

ಹಳೇಪ್ಲೇಟು:

ಅಯ್ಯೋ, ಅಲ್ಲಿ ಒಂದೇ ಪತ್ರಿಕೆಯೊಳಗೇ ಜಗಳ. ಐವತ್ತರ ದಶಕದಲ್ಲಿ ಬಿಲ್‌ಬೋರ್ಡ್‌ಗೆ ಅಂಗಡಿ ಮಾರಾಟದ್ದು ಒಂದು ಚಾರ್ಟ್, ರೇಡಿಯೋದವರು ಹಾಕಿದ್ದು ಒಂದು, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್‌ನದ್ದು ಒಂದು. 1955ರ ಕೊನೆಗೆ ಎಲ್ಲಾ ಬೆರೆಸಿದ ಟಾಪ್ 100 ಅಂತ ಇನ್ನೊಂದು. ಈಗಿನ ಮುಖ್ಯ ಚಾರ್ಟ್ ಹಾಟ್ 100 ಬಂದದ್ದು 1958ರ ಆಗಸ್ಟ್ 4ಕ್ಕೆ. ಅದರ ಮೊದಲ ನಂಬರ್ ಒನ್ ರಿಕಿ ನೆಲ್ಸನ್‌ನ 'ಪೂರ್ ಲಿಟಲ್ ಫೂಲ್'. ಅದಕ್ಕಿಂತ ಹಿಂದಿನ ಎಲ್ವಿಸ್ ಹಾಡು ಎಷ್ಟು ವಾರ ಮೇಲಿತ್ತು ಅಂತ ಕೇಳಿದರೆ, ಯಾವ ಚಾರ್ಟ್ ಅಂತ ತಿರುಗಿ ಕೇಳಬೇಕು.

ಎಲ್ವಿಸ್‌ಗೆ ಒಟ್ಟು ಎಷ್ಟು ನಂಬರ್ ಒನ್ ಅನ್ನೋದಕ್ಕೂ ಎರಡು ಉತ್ತರ ಇದೆ. ಬಿಲ್‌ಬೋರ್ಡ್ 17 ಅನ್ನುತ್ತದೆ. ಚಾರ್ಟ್ ಪುಸ್ತಕಗಳನ್ನು ಮಾಡಿದ ಜೋಯೆಲ್ ವಿಟ್‌ಬರ್ನ್ ಲೆಕ್ಕ 18. 1956ರಲ್ಲಿ ಒಂದೇ ರೆಕಾರ್ಡಿನ ಎರಡು ಬದಿ, 'ಹೌಂಡ್ ಡಾಗ್' ಮತ್ತು 'ಡೋಂಟ್ ಬಿ ಕ್ರೂಯಲ್', ಎರಡೂ ಮೇಲೆ ಹೋದವು. ಅದು ಒಂದೋ ಎರಡೋ ಅನ್ನೋದಷ್ಟೇ ವ್ಯತ್ಯಾಸ. 2008ರಲ್ಲಿ ಮರಾಯಾ ಕ್ಯಾರಿ 18ನೇ ನಂಬರ್ ಒನ್ ಪಡೆದಾಗ ಕೆಲವರು ಎಲ್ವಿಸ್‌ನನ್ನು ಮೀರಿದಳು ಅಂದರು, ಇನ್ನು ಕೆಲವರು ಸಮ ಮಾಡಿದಳು ಅಂದರು.

ಬಿಲ್‌ಬೋರ್ಡ್‌ಗೆ ಎದುರಾಳಿಯೂ ಇತ್ತು, 'ಕ್ಯಾಶ್ ಬಾಕ್ಸ್'. 1964ರ ಏಪ್ರಿಲ್ 4ರ ಬಿಲ್‌ಬೋರ್ಡ್‌ನಲ್ಲಿ ಮೊದಲ ಐದೂ ಬೀಟಲ್ಸ್. ಒಂದರಲ್ಲಿ 'ಕಾಂಟ್ ಬೈ ಮಿ ಲವ್', ಎರಡರಲ್ಲಿ 'ಟ್ವಿಸ್ಟ್ ಆ್ಯಂಡ್ ಶೌಟ್', ಐದರಲ್ಲಿ ನಮ್ಮ 'ಪ್ಲೀಸ್ ಪ್ಲೀಸ್ ಮಿ'. 'ಟ್ವಿಸ್ಟ್ ಆ್ಯಂಡ್ ಶೌಟ್' ಬಿಲ್‌ಬೋರ್ಡ್‌ನಲ್ಲಿ ಎರಡಕ್ಕೇ ನಿಂತಿತು, ಕ್ಯಾಶ್ ಬಾಕ್ಸ್‌ನಲ್ಲಿ ಮಾತ್ರ ನಂಬರ್ ಒನ್ ಆಯಿತು.

ಕ್ವಿಜ್‌ಕಿಟ್ಟಿ:

ಸಾಕು ಅಕ್ಕಾ, ತಲೆ ಗಿರ್ ಅಂತಿದೆ. ಈ ಥ್ರೆಡ್ ಪ್ರಿಂಟ್ ತೆಗೆದು ಕ್ವಿಜ್‌ಮಾಸ್ಟರ್ ಮನೆ ಬಾಗಿಲಿಗೆ ಅಂಟಿಸೋಣ ಅಂತ ಚಿಕ್ಕಪ್ಪ ಹಠ ಹಿಡಿದಿದ್ದಾರೆ. ಮೂರನೇ ಮಹಡಿ. ಲಿಫ್ಟ್ ಕೆಟ್ಟಿದೆ, ಆದರೂ ಹೊರಟಿದ್ದಾರೆ.